ಆ ಮಳೆ ರಾತ್ರಿಯ ಆಟೋ ಅಣ್ಣನಿಗೆ

ಅಣ್ಣಾ, ಹೆಸರು ಹಾಕಬೇಡಿ ಅಂದಿರಿ. ಹಾಕುವುದಿಲ್ಲ. ಆದರೆ ಥ್ಯಾಂಕ್ಸ್ ಹೇಳದೆ ಇರಲು ಆಗುತ್ತಿಲ್ಲ.

ಆಷಾಢದ ಆ ರಾತ್ರಿ ಸಾಗರದ ಬಸ್ ನಿಲ್ದಾಣದ ಹತ್ತಿರ ಕಂದು ನಾಯಿಯೊಂದು ಚರಂಡಿ ಪಕ್ಕ ಬಿದ್ದಿತ್ತು. ಯಾವುದೋ ಗಾಡಿ ಗುದ್ದಿ ಹೋಗಿತ್ತು. ನಾನು ಛತ್ರಿ ಹಿಡಿದು ಸುಮ್ನೆ ನಿಂತಿದ್ದೆ, ಮುಟ್ಟಲು ಭಯ. ನೀವು ಆಟೋ ನಿಲ್ಲಿಸಿ ಬಂದಿರಿ. ನೋವಿಗೆ ಕಚ್ಚಬಹುದು ಅಂತ ಮೊದಲು ಅದರ ಮೂತಿಗೆ ಟವೆಲ್ ಸಡಿಲವಾಗಿ ಸುತ್ತಿದಿರಿ. ಆಮೇಲೆ ರಟ್ಟಿನ ಹಾಳೆಯನ್ನು ಮೈ ಕೆಳಗೆ ಮೆಲ್ಲಗೆ ಸರಿಸಿ, ಮುರಿದ ಹಿಂಗಾಲು ಅಲುಗದ ಹಾಗೆ ಎತ್ತಿದಿರಿ. ಅದು ನಿಮ್ಮನ್ನೇ ನೋಡುತ್ತಿತ್ತು.

ಗುರುತಿನ ಡಾಕ್ಟರ್ ಮನೆ ಬಾಗಿಲು ತಟ್ಟಿ ಪಟ್ಟಿ ಹಾಕಿಸಿದಿರಿ. ಆದರೆ ರಾತ್ರಿ ಎಲ್ಲಿ ಇಡುವುದು? ಕೊನೆಗೆ ನಿಮ್ಮ ಸೌದೆ ಕೊಟ್ಟಿಗೆಯಲ್ಲೇ ಗೋಣಿಚೀಲ ಹಾಸಿದಿರಿ. ಬಾಡಿಗೆ ಕೊಡಲು ಬಂದರೆ, "ಅದಕ್ಕೆ ಹಾಲು ತನ್ನಿ" ಅಂದಿರಿ.

1962ಕ್ಕೆ ಕರೆ ಮಾಡಿದರೆ ಸರ್ಕಾರದ ಪಶು ಚಿಕಿತ್ಸಾ ವಾಹನ ಬರುತ್ತದೆ, ಅದು ದೊಡ್ಡ ಅನುಕೂಲವೇ. ಆದರೆ ಮೂಳೆ ಕೂಡಲು ವಾರಗಟ್ಟಲೆ ಬೇಕು. ಅಷ್ಟು ದಿನ ಮಲಗಲು ಇಂಥ ಬೀದಿನಾಯಿಗಳಿಗೆ ಒಂದು ಸೂರು ಬೇಕಲ್ವಾ? ದೊಡ್ಡ ಕಟ್ಟಡವೇ ಆಗಬೇಕಿಲ್ಲ. ನೀರು ನಿಲ್ಲದ ನೆಲ, ಗಾಳಿ, ಮರಿಗಳಿಗೆ ಬೇರೆ ಕೋಣೆ ಇದ್ದರೆ ಸಾಕು. ಪಾರ್ವೊ ಅನ್ನುವ ವೈರಸ್ ರೋಗ ಬಂದರೆ ಒಂದರಿಂದ ಇನ್ನೊಂದಕ್ಕೆ ಬೇಗ ಹರಡುತ್ತದೆ, ಅದಕ್ಕೇ ಬೇರೆ ಕೋಣೆ. ಇದನ್ನೇ ಮನವಿಯಾಗಿ ಬರೆದು ನಾವು ಕೆಲವರು ಪುರಸಭೆ, ನಗರಸಭೆ ಅಂತ ಬಾಗಿಲು ತಟ್ಟಲಿದ್ದೇವೆ. ಮೊದಲ ಸಹಿ ನಿಮ್ಮದಾಗಲಿ ಅಂತ ಆಸೆ.

ನಿಮ್ಮ ಆಟೋ ಸದ್ದು ಕೇಳಿದರೆ ಈಗ ಆ ನಾಯಿ ಕುಂಟುತ್ತಲೇ ಓಡಿ ಬರುತ್ತದಂತೆ. ಭಾನುವಾರ ಹಾಲು ತರುತ್ತೇನೆ, ಅಣ್ಣಾ.