ನಾನು ನಿಮ್ಮ ಸಾಲಗಾರನಲ್ಲ, ನನ್ನ ನಂಬರ್ ಅಳಿಸಿ

ಇವರಿಗೆ,
ಕುಂದುಕೊರತೆ ನಿವಾರಣಾ ಅಧಿಕಾರಿಗಳು,
ಸಾಲದ ಆ್ಯಪ್ ಕಂಪನಿ, ಬೆಂಗಳೂರು

ವಿಷಯ: ಸಾಲ ವಸೂಲಿಯ ನೆಪದಲ್ಲಿ ನನಗೂ ನನ್ನ ತಾಯಿಗೂ ಕೊಟ್ಟ ಕಿರುಕುಳದ ಬಗ್ಗೆ

ಮಾನ್ಯರೇ,

ನಾನು ತುಮಕೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ. ನಿಮ್ಮ ಆ್ಯಪ್ ನನ್ನ ಫೋನಿನಲ್ಲಿಲ್ಲ, ನಿಮ್ಮಿಂದ ಒಂದು ರೂಪಾಯಿ ಸಾಲ ಪಡೆದವನೂ ಅಲ್ಲ. ಆದರೂ ರಾತ್ರಿ 9.40ಕ್ಕೆ, ಷಟರ್ ಎಳೆದು ಬೀಗ ಹಾಕುತ್ತಿದ್ದಾಗ, ನಿಮ್ಮ ವಸೂಲಿಯವನ ಫೋನ್ ಬಂತು. ಅವನ ಮೊದಲ ಮಾತು: “‘ಭಾವ ಅಂಗಡಿ’ ಅಂದ್ರೆ ನೀವೇನಾ?”

ಊರಲ್ಲಿ ನನ್ನನ್ನು ಯಾರೂ ಹಾಗೆ ಕರೆಯುವುದಿಲ್ಲ. ತಂಗಿಯ ಗಂಡನ ಫೋನಿನಲ್ಲಿ ಮಾತ್ರ ನನ್ನ ನಂಬರ್ ಆ ಹೆಸರಲ್ಲಿ ಸೇವ್ ಆಗಿದೆ. ಅವರ ಕಾಂಟ್ಯಾಕ್ಟ್ ಲಿಸ್ಟ್ ನಿಮ್ಮ ಕೈ ಸೇರಿದೆ ಎಂದು ಅಲ್ಲೇ ಗೊತ್ತಾಯಿತು.

ಅವರು ಪಡೆದ ಸಾಲ 12,000 ರೂಪಾಯಿ, ಕೈಗೆ ಬಂದದ್ದು 9,900. ಉಳಿದದ್ದನ್ನು ಪ್ರೊಸೆಸಿಂಗ್ ಫೀ ಎಂದು ಮುರಿದುಕೊಂಡಿರಿ (ಆ ಜಗಳ ಅವರದು, ಅವರೇ ಆಡಲಿ). ಕಂತು 4 ದಿನ ತಡವಾಗಿತ್ತು. ನನಗೆ ಫೋನ್ ಬಂದ ಮಾರನೇ ಬೆಳಗ್ಗೆ 71 ವರ್ಷದ ನನ್ನ ತಾಯಿಯ ವಾಟ್ಸ್‌ಆ್ಯಪ್‌ಗೆ ಒಂದು ಫೋಟೋ ಬಂತು. ಅಳಿಯನ ಮುಖ, ಪಕ್ಕದಲ್ಲಿ ಪ್ಯಾನ್ ಕಾರ್ಡ್, ಕೆಳಗೆ ಕೆಂಪಕ್ಷರದಲ್ಲಿ ‘ಮೋಸಗಾರ’. ಅಮ್ಮನಿಗೆ ಕನ್ನಡಕ ಸಿಗಲಿಲ್ಲ, ಪಕ್ಕದ ಮನೆ ಹುಡುಗನ ಕೈಲಿ ಓದಿಸಿದರು. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ.

ಬಾಕಿಯನ್ನು ಅದೇ ವಾರ ಬಡ್ಡಿ ಸಮೇತ ಕಟ್ಟಿದ್ದಾರೆ. ಆಮೇಲೆ ನಮ್ಮ ಮನೆ ಹೊಸ್ತಿಲು ತುಳಿದಿಲ್ಲ. ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಹೊರಟಿದ್ದೆ, ತಂಗಿಯೇ ಫೋನ್ ಮಾಡಿ “ಈ ಸಲ ಬರಬೇಡ ಅಣ್ಣ, ನಿನ್ನ ಮುಖ ಹೇಗೆ ನೋಡ್ಲಿ ಅಂತ ಕೂತಿದಾರೆ” ಎಂದಳು. ಅವಳ ಮದುವೆಯಾಗಿ 14 ವರ್ಷ, ಬಾಗಿನ ತಪ್ಪಿದ್ದು ಇದೇ ಮೊದಲು. ಕೇಳಿದ್ದರೆ ನಾನೇ ಕೊಡುತ್ತಿದ್ದೆ. ಕೇಳಲು ನಾಚಿಕೆಯಾಗಿ ತಾನೇ ಅವರು ನಿಮ್ಮ ಆ್ಯಪ್ ಹಾಕಿಕೊಂಡದ್ದು? ಚಿನ್ನ ಅಡವಿಟ್ಟುಕೊಳ್ಳುವವನು ಚೀಟಿಯನ್ನಾದರೂ ಕೊಡುತ್ತಾನೆ. ನೀವು ಚೀಟಿಯಿಲ್ಲದೆ ನೆಂಟರನ್ನೇ ಅಡವಿಟ್ಟುಕೊಂಡಿದ್ದೀರಿ.

ಕಸ್ಟಮರ್ ಕೇರ್‌ಗೆ ಕೇಳಿದರೆ, ಇನ್‌ಸ್ಟಾಲ್ ಮಾಡುವಾಗ ಗ್ರಾಹಕರೇ ಅನುಮತಿ ಕೊಟ್ಟಿದ್ದಾರೆ ಎಂಬ ಉತ್ತರ. ಅಮ್ಮನ ನಂಬರಿಗೆ, ನನ್ನ ನಂಬರಿಗೆ ಒಪ್ಪಿಗೆ ಕೊಡಲು ಅವರ್ಯಾರು? ಅವರು ಒಪ್ಪಿದ್ದರೂ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಲಿಸ್ಟ್, ಕಾಲ್ ಲಾಗ್ ಮುಟ್ಟುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲೇ ಹೇಳಿದೆ. ವಸೂಲಿಗೆ ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು, ಸಾಲಗಾರರ ಮನೆಯವರ, ಸ್ನೇಹಿತರ ಖಾಸಗಿತನಕ್ಕೆ ಕೈಹಾಕಬಾರದು ಎಂಬ ಸುತ್ತೋಲೆ ಅದರ ಹಿಂದಿನ ತಿಂಗಳಿನದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರಲ್ಲಿ ತೀರ್ಪಿತ್ತದ್ದು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಬೆಂಗಳೂರಿನಲ್ಲಿ ಆಫೀಸು ಇಟ್ಟುಕೊಂಡವರಿಗೆ ಇಷ್ಟು ಗೊತ್ತಿರಬೇಕಿತ್ತು.

ಆ ಫೋನಿನಿಂದ ಎತ್ತಿಕೊಂಡ ಎಲ್ಲ ನಂಬರುಗಳನ್ನೂ ಅಳಿಸಿ, ಅಳಿಸಿದ್ದೇವೆ ಎಂದು ಬರೆದು ಕೊಡಿ. ನಿಮ್ಮ ಹಿಂದೆ ನಿಂತು ಹಣ ಕೊಡುವ ಹಣಕಾಸು ಸಂಸ್ಥೆ ಯಾವುದೆಂದು ತಿಳಿಸಿ. ಆ ಫೋಟೋ ಯಾರ್ಯಾರಿಗೆ ಹೋಗಿದೆಯೋ ಅವರಿಗೆಲ್ಲ ಕನ್ನಡದಲ್ಲಿ ಕ್ಷಮಾಪಣೆ ಕಳಿಸಿ, ಅಮ್ಮನಿಗೆ ಮೊದಲು. 30 ದಿನದೊಳಗೆ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡುತ್ತೇನೆ. ಆ ರಾತ್ರಿಯ ಕರೆಯ ರೆಕಾರ್ಡಿಂಗ್, ಫೋಟೋದ ಸ್ಕ್ರೀನ್‌ಶಾಟ್ ಎರಡೂ ನನ್ನಲ್ಲಿವೆ.

ಇಂತಿ,
ನಿಮ್ಮ ಪಟ್ಟಿಯ ‘ಭಾವ ಅಂಗಡಿ’
ತುಮಕೂರು