ಸಂಚಿಕೆಗೆ ಲೇಖನ ಕಳಿಸುವವರು ಇದನ್ನೊಮ್ಮೆ ಓದಿ

ಎಲ್ಲರಿಗೂ ನಮಸ್ಕಾರ.

ವರ್ಡ್, ಲಿಬ್ರೆಆಫೀಸ್, ಗೂಗಲ್ ಡಾಕ್ಸ್, ನಿಮಗೆ ಒಗ್ಗಿದ್ದರಲ್ಲಿ ಬರೆಯಿರಿ. ಸಂಚಿಕೆಗೆಂದು ಸುಮ್ನೆ ದುಡ್ಡು ಕೊಟ್ಟು ವರ್ಡ್ ಹಾಕಿಸಬೇಡಿ. ಲಿಬ್ರೆಆಫೀಸ್ ಉಚಿತ, ನಮ್ಮ ಕೆಲಸಕ್ಕೆ ಧಾರಾಳವಾಯಿತು. ಉಳಿಸುವಾಗ ಮಾತ್ರ ಡಿಒಸಿಎಕ್ಸ್ (.docx) ಮಾದರಿ ಆಯ್ಕೆ ಮಾಡಿ, ಎಲ್ಲರಲ್ಲೂ ತೆರೆಯುತ್ತದೆ.

ನಿಜವಾದ ತಲೆನೋವು ಅಕ್ಷರದ್ದು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗಷ್ಟೇ ಕನ್ನಡ. ಫೈಲಿನ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ನುಡಿಯಲ್ಲಿ ಟೈಪ್ ಮಾಡಿದ ‘ಕನ್ನಡ’ ಪದ ತೆರೆದು ನೋಡಿ, ‘ನ’ ಇರಬೇಕಾದ ಕಡೆ ಪೌಂಡ್ ಗುರುತು ಕೂತಿರುತ್ತದೆ! ಹಾಗಾಗಿ ದಯವಿಟ್ಟು ಯೂನಿಕೋಡ್‌ನಲ್ಲೇ ಬರೆಯಿರಿ, ಅದರಲ್ಲಿ ಫೈಲಿನ ಒಳಗೂ ಕನ್ನಡ ಅಕ್ಷರಗಳೇ ಇರುತ್ತವೆ. ನುಡಿಯಲ್ಲೂ ಆ ಆಯ್ಕೆ ಇದೆ, ಕೀಲಿಗಳನ್ನು ಹೊಸದಾಗಿ ಕಲಿಯಬೇಕಿಲ್ಲ.

ಹಳೆಯ ಫಾಂಟಿನ ಲೇಖನವಿದ್ದರೆ ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಯೂನಿಕೋಡ್‌ಗೆ ಬದಲಾಯಿಸಿ, ಆಮೇಲೆ ಪೂರ್ತಿ ಓದಿ. ನಡುವೆ ಇದ್ದ ಇಂಗ್ಲಿಷ್ ಪದಗಳು ತಲೆಬುಡವಿಲ್ಲದ ಕನ್ನಡವಾಗಿರುತ್ತವೆ. ಅರ್ಕಾವತ್ತು, ಒತ್ತಕ್ಷರಗಳನ್ನೂ ಗಮನಿಸಿ.

ಪಿಡಿಎಫ್ ಮಾತ್ರ ಕಳಿಸಬೇಡಿ. ಅದರಿಂದ ಕನ್ನಡ ನಕಲು ಮಾಡಿದರೆ ಎಷ್ಟೋ ಸಲ ಅಕ್ಷರಗಳು ಚೆಲ್ಲಾಪಿಲ್ಲಿ. ಪುಟದ ವಿನ್ಯಾಸ ತೋರಿಸಬೇಕಿದ್ದರೆ ಜೊತೆಗಿರಲಿ.

ಸ್ಪೇಸ್ ಒತ್ತಿ ಒತ್ತಿ ಸಾಲು ಜೋಡಿಸಲೂ ಹೋಗಬೇಡಿ. ವಿಂಡೋಸ್‌ನ ತುಂಗಾ ಫಾಂಟ್ ನಮ್ಮ ಲಿನಕ್ಸ್ ಯಂತ್ರದಲ್ಲಿಲ್ಲ. ಬೇರೆ ಫಾಂಟ್ ಬಂದ ಕೂಡಲೇ ಜೋಡಿಸಿದ್ದೆಲ್ಲ ಆಚೀಚೆ ಸರಿಯುತ್ತದೆ, ಅಷ್ಟು ಶ್ರಮ ಯಾಕೆ ಅಲ್ವಾ? ಪದ್ಯ ಕಳಿಸುವವರು ಸಾಲು ಮುಗಿದಲ್ಲಿ ಎಂಟರ್ ಒತ್ತಿದರೆ ಸಾಕು.

ಚಿತ್ರಗಳನ್ನು ಫೈಲಿನೊಳಗೆ ಅಂಟಿಸದೆ ಬೇರೆಯಾಗಿ ಕಳಿಸಿ.