ಕೀಲುನೋವಿನ ಮಾತ್ರೆಗೆ ಕಣ್ಣಿನ ಪರೀಕ್ಷೆಯೂ ಬೇಕು

ರುಮಟಾಯ್ಡ್ ಸಂಧಿವಾತ, ಲೂಪಸ್‌ಗೆ (ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ಅನೇಕರು ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ನುಂಗುತ್ತಾರೆ, ಕಣ್ಣು ಮಾತ್ರ ತೋರಿಸುವುದಿಲ್ಲ. ಒಳ್ಳೆಯ ಔಷಧಿಯೇ, ಹೆದರಿ ಸುಮ್ನೆ ನಿಲ್ಲಿಸಬಾರದು. ಆದರೆ ದೀರ್ಘಕಾಲ ತೆಗೆದುಕೊಂಡ ಕೆಲವರ ಅಕ್ಷಿಪಟಲಕ್ಕೆ (ಕಣ್ಣಿನ ಒಳಪರದೆ, ರೆಟಿನಾ) ಪೆಟ್ಟು ಬೀಳುತ್ತದೆ, ಮೊದಮೊದಲು ಗೊತ್ತೇ ಆಗುವುದಿಲ್ಲ, ಓದುವಾಗ ನಡುವೆ ಅಕ್ಷರ ಕಾಣದಂತಾಗುವ ಹೊತ್ತಿಗೆ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಮಾತ್ರೆಯ ಪ್ರಮಾಣ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಮೀರಬಾರದು. 50 ಕಿಲೋ ಇರುವವರಿಗೆ ದಿನಾ 400 ಮಿಲಿಗ್ರಾಂ ಜಾಸ್ತಿಯೇ ಅಲ್ವಾ? ಕಿಡ್ನಿ ತೊಂದರೆ ಇದ್ದರೆ ಅಪಾಯ ಇನ್ನೂ ಹೆಚ್ಚು. ಮೊದಲ ವರ್ಷದೊಳಗೆ ಒಮ್ಮೆ, 5 ವರ್ಷದ ನಂತರ ಪ್ರತಿ ವರ್ಷ ಕಣ್ಣಿನ ತಪಾಸಣೆ ಆಗಬೇಕು. ಚೀಟಿಯಲ್ಲೇ ರೋಗಿಯ ತೂಕ ಮತ್ತು ಮುಂದಿನ ಕಣ್ಣಿನ ಪರೀಕ್ಷೆಯ ತಿಂಗಳು ಬರೆಯುವಂತೆ ಆರೋಗ್ಯ ಇಲಾಖೆ ವೈದ್ಯರಿಗೆ ಸೂಚಿಸಲಿ.

– ಒಬ್ಬ ಓದುಗ, ಶಿವಮೊಗ್ಗ